ಕೂಡ್ರುವ ಜಾಗದ ಆಯುಷ್ಯ

ಬೆಳಗಾವಿ ಜಿಲ್ಲೆಯಲ್ಲಿ ಒಂದೇ ಬೆಂಚಿಗೆ ಮೂರು ಆಯುಷ್ಯ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಇಟ್ಟರೆ ಒಂದು, ನಮ್ಮ ಸಾಂಬ್ರಾದಲ್ಲಿ ಇಟ್ಟರೆ ಇನ್ನೊಂದು, ಗೋಕಾಕದ ಕಡೆ ಒಯ್ದು ಇಟ್ಟರೆ ಮತ್ತೊಂದು. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಕಣಕುಂಬಿಯಲ್ಲಿ ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುತ್ತದೆ. ಖಾನಾಪುರ ಪಟ್ಟಣಕ್ಕೆ ಬರುವ ಹೊತ್ತಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಬೆಳಗಾವಿಯಲ್ಲಿ 1,200ರಿಂದ 1,300. ಗೋಕಾಕ ಮುಟ್ಟಿದಾಗ ಐದಾರು ನೂರು ಉಳಿದರೆ ಹೆಚ್ಚು. ಒಂದು ದಿನದ ಪ್ರಯಾಣದೊಳಗೆ ಮಳೆ ಇಷ್ಟು ಬದಲಾಗುವ ನಾಡಿನಲ್ಲಿ ಎಲ್ಲ ಊರಿಗೂ ಒಂದೇ ನಮೂನೆಯ ಬೆಂಚನ್ನು ಲಾರಿಯಿಂದ ಇಳಿಸಿ ಹೋಗುವುದು ನನಗೆ ಒಪ್ಪುವ ಮಾತಲ್ಲ. ಬಿತ್ತುವ ಬೀಜವನ್ನು ನೆಲ, ಮಳೆ ನೋಡಿ ಆರಿಸುವ ಜನ ನಾವು. ಕೂಡ್ರುವ ಜಾಗಕ್ಕೂ ಅಷ್ಟೇ ವಿಚಾರ ಬೇಕು.

ಸಾಂಬ್ರಾ ಎಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿಕೊಂಡ ತಾಣ ಅದು. ಈಗ ಅಲ್ಲಿ ಭಾರತೀಯ ವಾಯುಪಡೆಯ ತರಬೇತಿ ಶಾಲೆಯಿದೆ; ಪ್ರಯಾಣಿಕರಿಗಾಗಿ 2017ರ ಸೆಪ್ಟೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆಯಿತು. ಹವಾಮಾನ ಇಲಾಖೆಯ ಪಟ್ಟಿಗಳಲ್ಲಿ ಬೆಳಗಾವಿಯ ಮಳೆ–ಬಿಸಿಲಿನ ಲೆಕ್ಕ ಸಾಂಬ್ರಾದ ಹೆಸರಿನಲ್ಲೇ ಬರುತ್ತದೆ. ನಮಗೆ ಊರಿನವರಿಗೆ ಸಾಂಬ್ರಾ ಎಂದರೆ ಎರೆಹೊಲ, ಗುಡಿ, ಗುಡಿಯ ಮುಂದಿನ ಕಟ್ಟೆ. ಆ ಕಟ್ಟೆಯ ಮೇಲೆ ಪಂಚಾಯ್ತಿಯ ಸುದ್ದಿ, ಪೇಟೆಯ ಧಾರಣೆ, ಮಳೆಯ ಅಂದಾಜು ಎಲ್ಲವೂ ನಡೆಯುತ್ತವೆ. ಅತ್ತ ನಿಲ್ದಾಣದ ಹೊರಗೆ, ಮಗನನ್ನು ಕೆಲಸಕ್ಕೆ ಕಳಿಸಲು ಬಂದ ಹಳ್ಳಿಯ ಮನೆಮಂದಿ ವಿಮಾನ ಏರುವ ತನಕ ಕಾಯುತ್ತಾರೆ. ಅಜ್ಜಿ ಸೆರಗು ಹಾಸಿ ನೆಲದ ಮೇಲೆ ಕೂಡ್ರುವಾಗ ಪಕ್ಕದಲ್ಲಿ ಒಂದು ಒಳ್ಳೆಯ ಬೆಂಚು ಇದ್ದಿದ್ದರೆ ಎಂದು ನನಗೆ ಅನ್ನಿಸದ ದಿನವಿಲ್ಲ.

ಅವ್ವನ ಮೊಣಕಾಲು ನೋವು ಶುರುವಾದ ಮೇಲೆ ನಾನು ಊರನ್ನು ಅಳೆಯುವ ರೀತಿಯೇ ಬೇರೆಯಾಯಿತು. ಮನೆಯಿಂದ ದವಾಖಾನೆಗೆ ಎಷ್ಟು ದೂರ ಎಂಬುದಕ್ಕಿಂತ, ನಡುವೆ ಎಷ್ಟು ಕಡೆ ಕೂಡ್ರಬಹುದು ಎಂಬುದು ದೊಡ್ಡ ಪ್ರಶ್ನೆಯಾಯಿತು. ಕೂಡ್ರಲು ಜಾಗ ಇದ್ದರೆ ಮುದುಕರು ಮನೆಯಿಂದ ಹೊರಬರುತ್ತಾರೆ. ಇಲ್ಲವಾದರೆ ಬಾಗಿಲೊಳಗೇ ಉಳಿದುಬಿಡುತ್ತಾರೆ. ಬಸುರಿ ಹೆಣ್ಣುಮಗಳು, ಸಂತೆಯಿಂದ ಚೀಲ ಹೊತ್ತು ಬಂದವರು, ರಾತ್ರಿಪಾಳಿ ಮುಗಿಸಿ ಬಸ್ಸಿಗೆ ಕಾಯುವವರು, ಇವರೆಲ್ಲರ ದಣಿವು ಇಳಿಯುವುದು ಆ ಎರಡು ಅಡಿ ಅಗಲದ ಹಲಗೆಯ ಮೇಲೆ. ಆ ಹಲಗೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಹಾಗಾಗಿ ಸಣ್ಣ ಸಂಗತಿ ಅಲ್ಲ.

ಮೊದಲು ಕಲ್ಲಿನ ಮಾತು. ನಮ್ಮ ನಾಡಿನ ಅತಿ ಹಳೆಯ ಸಾರ್ವಜನಿಕ ಆಸನಗಳು ಕಲ್ಲಿನವೇ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ತೆರೆದ ಮಂಟಪಕ್ಕೆ ಹೋದವರು ಅದರ ಅಂಚಿನಲ್ಲಿ, ಬೆನ್ನಿಗೆ ಒರಗು ಕೊಡುವಂತೆ ಹೊರಬಾಗಿದ ಕಕ್ಷಾಸನವನ್ನು ನೋಡಿರುತ್ತಾರೆ. ಒಂಬೈನೂರು ವರ್ಷದಿಂದ ಜನ ಅಲ್ಲಿ ಕೂಡುತ್ತಿದ್ದಾರೆ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಹಸಿರುಗಪ್ಪು ಬಳಪದ ಕಲ್ಲು ಅದು. ಅಲ್ಲಿ ಆಸನವನ್ನು ಕಾಪಾಡಿದ್ದು ಕಲ್ಲು ಮಾತ್ರವಲ್ಲ, ಅದರ ಮೇಲಿಂದ ಮುಂದಕ್ಕೆ ಚಾಚಿದ ಚಜ್ಜ ಕೂಡ. ಮಳೆಯ ನೀರು ಆಸನಕ್ಕೆ ಬೀಳದಂತೆ, ಬಿದ್ದರೂ ನಿಲ್ಲದೆ ಇಳಿದುಹೋಗುವಂತೆ ಆ ಶಿಲ್ಪಿಗಳು ಇಳಿಜಾರು ಕೊಟ್ಟಿದ್ದಾರೆ. ಬೆಂಚಿನ ಆಯುಷ್ಯದ ಮೊದಲ ಪಾಠ ಅಲ್ಲೇ ಇದೆ.

ಬೆಳಗಾವಿ ದಖ್ಖನ್ ಲಾವಾ ಬಂಡೆಯ ತೆಂಕಣ ಅಂಚಿನಲ್ಲಿ ಕೂತ ಊರು. ಇಲ್ಲಿಯ ಕರಿಕಲ್ಲು ನೀರು ಕುಡಿಯುವುದು ಕಡಿಮೆ, ಸವೆಯುವುದು ಇನ್ನೂ ಕಡಿಮೆ. ಪಶ್ಚಿಮಕ್ಕೆ ಖಾನಾಪುರದತ್ತ ಸರಿದರೆ ಜಂಬಿಟ್ಟಿಗೆಯ ಕೆಂಪುಕಲ್ಲು ಸಿಗುತ್ತದೆ. ನೆಲದೊಳಗೆ ಇರುವಾಗ ಕೊಡಲಿಗೆ ಸಿಗುವಷ್ಟು ಮೆದು. ಹೊರಗೆ ಬಂದು ಒಣಗಿದರೆ ಗೋಡೆ ಹೊರುವಷ್ಟು ಗಟ್ಟಿ. ಕಟ್ಟೆಯ ಬದಿಗೆ ಅದು ಒಳ್ಳೆಯದು. ಆದರೆ ತೂತುತೂತಿನ ಮೈಯದಾದ್ದರಿಂದ ಮೇಲಿನ ಹಾಸಿಗೆಗೆ ಅದನ್ನೇ ಇಟ್ಟರೆ ನೀರು ಹೀರಿ, ಪಾಚಿ ಕಟ್ಟಿ, ಅಂಚು ಉದುರುತ್ತದೆ. ಅದಕ್ಕೇ ಹಳಬರು ಬದಿಗೆ ಕೆಂಪುಕಲ್ಲು ಕಟ್ಟಿ ಮೇಲೆ ಕರಿಕಲ್ಲಿನ ಚಪ್ಪಡಿ ಹಾಸುತ್ತಿದ್ದರು. ಈಚೆಗೆ ಎಲ್ಲೆಡೆ ಬಂದಿರುವುದು ಶಹಾಬಾದಿನ ಫರಸಿ. ಅದು ಸುಣ್ಣಕಲ್ಲು, ಪದರು ಪದರಾಗಿ ಹುಟ್ಟಿದ್ದು. ಅಗ್ಗ, ನುಣುಪು, ಕೂಡ್ರಲು ತಂಪು. ಆದರೆ ಪದರಿನ ಸಂದಿಗೆ ನೀರು ಇಳಿದರೆ ಹೊಟ್ಟೆಯೊಳಗಿನಿಂದ ಬಿರಿಯುತ್ತದೆ. ಒಣ ಸೀಮೆಗೆ ಫರಸಿ ಸೈ. ಖಾನಾಪುರದ ಕಡೆಯ ಜಾಂಬೋಟಿಯ ಮಳೆಗೆ ಅಲ್ಲ. ಇಳಕಲ್ಲಿನ ಗ್ರಾನೈಟ್ ಎರಡೂ ಕಡೆ ತಾಳುತ್ತದೆ. ಎರಡು ಕಾಲುಗಲ್ಲು, ಮೇಲೊಂದು ದಪ್ಪ ಚಪ್ಪಡಿ ಇದ್ದರೆ ಮಳೆ ಬಿಸಿಲುಗಳಿಂದ ಅದಕ್ಕೆ ನೂರು ವರ್ಷಕ್ಕೂ ಅಪಾಯವಿಲ್ಲ.

ಅದರ ಅಪಾಯ ಬೇರೆ ಕಡೆಯಿಂದ ಬರುತ್ತದೆ, ಕಾಲ ಕೆಳಗಿನ ನೆಲದಿಂದ. ಸಾಂಬ್ರಾದ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ವರ್ಷ ವರ್ಷ ಹೀಗೆ ಏರಿ ಇಳಿಯುವ ನೆಲದ ಮೇಲೆ ಬರಿದೆ ಕುಳ್ಳಿರಿಸಿದ ಕಲ್ಲುಬೆಂಚು ಮೊದಲು ವಾಲುತ್ತದೆ, ಆಮೇಲೆ ಒಂದು ಮೂಲೆಯ ಮೇಲೆ ಭಾರ ಬಿದ್ದು ಚಪ್ಪಡಿ ನಡುವೆ ಸೀಳುತ್ತದೆ. ಕಲ್ಲು ಒತ್ತಿದರೆ ತಾಳುತ್ತದೆ, ಬಾಗಿಸಿದರೆ ತಾಳುವುದಿಲ್ಲ. ಗೌಂಡಿಗಳು ಎರೆಯನ್ನು ಅಗೆದು ತೆಗೆದು, ಗರಸು ತುಂಬಿ, ದಮ್ಮಸು ಹೊಡೆದು, ಅದರ ಮೇಲೆ ಕಾಲು ನಿಲ್ಲಿಸಿದರೆ ಆ ಬೆಂಚು ನಮ್ಮ ಮೊಮ್ಮಕ್ಕಳಿಗೂ ಉಳಿಯುತ್ತದೆ. ಖಾನಾಪುರದಲ್ಲಿ ಬೆಂಚಿಗೆ ಆಪತ್ತು ಬರುವುದು ಮುಗಿಲಿನಿಂದ, ಸಾಂಬ್ರಾದಲ್ಲಿ ನೆಲದಿಂದ. ಇದನ್ನು ತಿಳಿದವನು ಅರ್ಧ ಕೆಲಸ ಗೆದ್ದಂತೆ.

ಇನ್ನು ಕಟ್ಟಿಗೆ. ಖಾನಾಪುರ ಕಾಡಿನ ತಾಲೂಕು. ಸಾಗುವಾನಿ, ಮತ್ತಿ, ಹೊನ್ನಿ, ಜಂಬೆ ಅಲ್ಲಿಯ ಬಡಿಗರ ಬಾಯಲ್ಲಿ ನೆಂಟರ ಹೆಸರಿನಷ್ಟು ಸಲೀಸಾಗಿ ಬರುತ್ತವೆ. ಅಲ್ಲಿಯ ಒಬ್ಬ ಹಿರಿಯ ಬಡಿಗ ನನಗೆ ಹೇಳಿದ ಮಾತು ನೆನಪಿನಲ್ಲಿ ಉಳಿದಿದೆ: “ಬೆಂಚಿಗೆ ಸಾವು ಬರೂದು ಕಾಲಿನಿಂದ್ರೀ. ಕಾಲು ಒಣಾ ಇಟ್ರ ಮೈ ತಾನಾ ಉಳೀತೈತಿ.” ಕಟ್ಟಿಗೆಯ ಶಾಸ್ತ್ರ ಓದಿದವರು ಇದನ್ನೇ ಅಂಕಿಯಲ್ಲಿ ಹೇಳುತ್ತಾರೆ. ಮರದೊಳಗಿನ ತೇವ ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಮೇಲಿನ ಹಲಗೆ ಮಳೆಯಲ್ಲಿ ನೆನೆದರೂ ಗಾಳಿಗೆ ಆರುತ್ತದೆ. ಮಣ್ಣಿನಲ್ಲಿ ಹೂತ ಕಾಲು ಆರುವುದೇ ಇಲ್ಲ. ಹಲಗೆ–ಹಲಗೆಯ ನಡುವಿನ ಸಂದಿ, ಬೋಲ್ಟಿನ ತೂತು, ಕಾಲಿನ ಬುಡ, ಈ ಮೂರು ಕಡೆ ನೀರು ಕೂತು ಮರವನ್ನು ತಿನ್ನುತ್ತದೆ.

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಮರಗಳ ಆಯುಷ್ಯ ಅಳೆಯಲು ಕಠಿಣವಾದ ಒಂದು ಪರೀಕ್ಷೆ ಇಟ್ಟಿದ್ದಾರೆ. ಅರವತ್ತು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಚೌಕದ ತುಂಡುಗಳನ್ನು ಅರ್ಧ ನೆಲದಲ್ಲಿ ಹೂತು, ಗೆದ್ದಲು ಮತ್ತು ಶಿಲೀಂಧ್ರಕ್ಕೆ ಬಿಟ್ಟು, ವರ್ಷಗಟ್ಟಲೆ ನೋಡುತ್ತಾರೆ. ಸರಾಸರಿ 120 ತಿಂಗಳು ದಾಟಿದ್ದು ಮೊದಲ ವರ್ಗ, 60ರಿಂದ 120 ತಿಂಗಳು ಎರಡನೆಯದು, 60ಕ್ಕಿಂತ ಕಡಿಮೆ ಮೂರನೆಯದು. ಸಾಗುವಾನಿಯ ಚೇಗು (ಒಳಗಿನ ಗಟ್ಟಿಮರ) ಮೊದಲ ವರ್ಗದಲ್ಲಿದೆ, ಮಾವು ಮೂರನೆಯದರಲ್ಲಿ. ಗಮನಿಸಬೇಕಾದ ಮಾತು: ಈ ಗೆಲುವು ಚೇಗಿನದು ಮಾತ್ರ. ಸಾಗುವಾನಿಯ ಹೊರಗಿನ ಬಿಳಿಮರ ಬೇರೆ ಯಾವುದೇ ಮರದ ಬಿಳಿಮರದಷ್ಟೇ ಬೇಗ ಹೋಗುತ್ತದೆ. ‘ಸಾಗುವಾನಿ ಬೆಂಚು’ ಎಂದು ದುಡ್ಡು ಕೊಟ್ಟು ಬಿಳಿಮರದ ಹಲಗೆ ತಂದವರು ನಾಲ್ಕು ಮಳೆಗಾಲಕ್ಕೆ ಸಾಗುವಾನಿಯನ್ನೇ ಬೈಯುತ್ತಾರೆ. ಚೇಗಿನ ತಾಕತ್ತು ತಿಳಿಯಬೇಕಾದರೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿರುವ ‘ಟ್ರಿಂಕೋಮಲಿ’ ಹಡಗನ್ನು ನೆನೆಯಬೇಕು. 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದವರು ಮಲಬಾರಿನ ಸಾಗುವಾನಿಯಿಂದ ಕಟ್ಟಿದ್ದು ಅದು. ಎರಡು ನೂರು ವರ್ಷ ನೀರಿನಲ್ಲೇ ನಿಂತ ಮರ ನಮ್ಮ ಉದ್ಯಾನದಲ್ಲಿ ಹತ್ತೇ ವರ್ಷಕ್ಕೆ ಹೋಗುತ್ತದೆ ಎಂದರೆ ತಪ್ಪು ಮರದ್ದಲ್ಲ.

ಬಿಸಿಲು ಮಾಡುವ ಕೆಲಸ ಬೇರೆ. ಅದು ಮರವನ್ನು ಕೊಳೆಸುವುದಿಲ್ಲ, ಮರದ ನಾರುಗಳನ್ನು ಅಂಟಿನಂತೆ ಹಿಡಿದಿಟ್ಟ ಲಿಗ್ನಿನ್ ಅನ್ನು ಮೇಲ್ಮೈಯಲ್ಲಿ ಒಡೆಯುತ್ತದೆ. ಮಳೆ ಅದನ್ನು ತೊಳೆದು ಒಯ್ಯುತ್ತದೆ. ಹಲಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ನೋಡಲು ಮುಪ್ಪಾದಂತೆ ಕಂಡರೂ ಒಳಗೆ ಗಟ್ಟಿಯೇ. ಸಾಂಬ್ರಾದಂಥ ಕಡೆ ನಾಲ್ಕು ತಿಂಗಳ ತೇವದ ಬೆನ್ನಿಗೇ ಮೂಡಣದ ಒಣಗಾಳಿ ಬೀಸುವುದರಿಂದ ಹಲಗೆ ಉಬ್ಬಿ ಕುಗ್ಗಿ ಸೀಳುತ್ತದೆ. ಇಲ್ಲಿ ವರ್ಷಕ್ಕೊಮ್ಮೆ ಕಾಯಿಸಿದ ಅಗಸಿ ಎಣ್ಣೆ ಹಚ್ಚಿದರೆ ಉಪಕಾರ. ಖಾನಾಪುರದ ತೇವದಲ್ಲಿ ಅದೇ ಎಣ್ಣೆಗೆ ಬೂಸು ಹಿಡಿದು ಹಲಗೆ ಕಪ್ಪಾಗುತ್ತದೆ. ಅಲ್ಲಿ ಒಳ್ಳೆಯ ಚೇಗನ್ನು ಬರಿಮೈಯಲ್ಲಿ ಬಿಟ್ಟು, ಗಾಳಿ ಆಡಲು ಸಂದು ಇಡುವುದೇ ಲೇಸು.

ಕಬ್ಬಿಣಕ್ಕೆ ಬರೋಣ. ಬೆಳಗಾವಿಯಿಂದ ದೇಸೂರು, ಖಾನಾಪುರ, ಗುಂಜಿ, ಲೋಂಡಾ ಕಡೆಗೆ ರೈಲಿನಲ್ಲಿ ಆರಿದ್ರಾ ಮಳೆಯಲ್ಲಿ ಹೋದರೆ ಒಂದೊಂದು ನಿಲ್ದಾಣಕ್ಕೂ ಹಸಿರು ಗಾಢವಾಗುವುದು ಕಾಣುತ್ತದೆ, ಕಬ್ಬಿಣದ ಮೇಲಿನ ತುಕ್ಕೂ ಹಾಗೆಯೇ ಗಾಢವಾಗುತ್ತದೆ. ಹಳೆಯ ಕಾಲದ ರೈಲು ಬೆಂಚುಗಳು ಎರಕದ ಕಬ್ಬಿಣದ ಕಾಲು, ಸಾಗುವಾನಿಯ ಹಲಗೆ ಇದ್ದಂಥವು. ಎರಕದ ಕಾಲು ದಪ್ಪ. ಅದರಲ್ಲಿ ಇಂಗಾಲ, ಸಿಲಿಕಾನ್ ಹೆಚ್ಚು. ತುಕ್ಕು ಹಿಡಿದರೂ ಮೇಲ್ಪದರಕ್ಕೇ ನಿಲ್ಲುವುದು ಬಹಳ. ಬಲವಾಗಿ ಹೊಡೆದರೆ ಮಾತ್ರ ಒಡೆಯುತ್ತದೆ. ಈಗಿನ ಬೆಂಚುಗಳ ಕಾಲು ತೆಳು ಉಕ್ಕಿನ ಕೊಳವೆ. ಮೇಲೆ ಬಣ್ಣ ಚೆಂದ, ಒಳಗೆ ಪೊಳ್ಳು. ಬೆಸುಗೆಯ ಸಂದಿಯಿಂದ ಒಳಗೆ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಇರುವಾಗಲೇ ಒಂದು ದಿನ ಯಾರೋ ಕೂತಾಗ ಕಾಲು ಮುರಿಯುತ್ತದೆ.

ಇದಕ್ಕೆ ಮದ್ದು ಸತುವಿನ ಲೇಪ. ದಪ್ಪ ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿದರೆ ಸುಮಾರು 85 ಮೈಕ್ರಾನ್ ಪದರು ಕೂಡುತ್ತದೆ. ಉಪ್ಪಿಲ್ಲದ, ಕಾರ್ಖಾನೆಯ ಹೊಗೆ ಕಡಿಮೆಯಿರುವ ಒಳನಾಡಿನಲ್ಲಿ ಈ ಸತು ಸವೆಯುವುದು ವರ್ಷಕ್ಕೆ ಒಂದು ಮೈಕ್ರಾನ್ ಆಸುಪಾಸು. ಅಂದರೆ ನಮ್ಮ ಕಡೆ ಅದು ಐವತ್ತು ವರ್ಷವಾದರೂ ಕಾಯುತ್ತದೆ. ಕಾರವಾರದ ಕಡಲದಂಡೆಯಲ್ಲಿ ಉಪ್ಪುಗಾಳಿ ಅದನ್ನು ಹಲವು ಪಟ್ಟು ಬೇಗ ಮುಗಿಸುತ್ತದೆ. ಅಲ್ಲಿ ಕಲ್ಲೇ ಸರಿ. ಕಬ್ಬಿಣ ಎರಕ ಹೊಯ್ಯುವ ಕಸುಬಿನಲ್ಲಿ ಬೆಳಗಾವಿಗೆ ದೇಶದಲ್ಲಿ ಹೆಸರಿದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾಹನಗಳ, ಪಂಪುಗಳ ಬಿಡಿಭಾಗ ಹೊಯ್ಯುವ ಕೈಗಳು ನಮ್ಮ ಉದ್ಯಾನಗಳಿಗೆ ನೂರು ವರ್ಷದ ಬೆಂಚುಗಾಲು ಹೊಯ್ಯಲಾರವೇ? ಖಾನಾಪುರದ ಚೇಗು, ಉದ್ಯಮಬಾಗದ ಎರಕ, ಎರಡೂ ಇರುವ ಊರಿಗೆ ತೆಳು ಕೊಳವೆಯ ಬೆಂಚು ದೂರದಿಂದ ಬರಬೇಕಾಗಿಲ್ಲ ಎಂದು ನಾನು ನಂಬಿದ್ದೇನೆ.

ತೂತು ಕೊರೆದ ಸ್ಟೇನ್‌ಲೆಸ್ ತಗಡಿನ ಆಸನಗಳು ನಿಲ್ದಾಣಗಳ ನೆರಳಿಗೆ ಒಳ್ಳೆಯವು. ನೂರಕ್ಕೆ ಹದಿನೆಂಟರಷ್ಟಿರುವ ಕ್ರೋಮಿಯಂ ಅದರ ಮೈಮೇಲೆ ಕಣ್ಣಿಗೆ ಕಾಣದ ಪದರು ಕಟ್ಟಿ ಕಾಯುತ್ತದೆ. ಅಲ್ಯುಮಿನಿಯಂ ಸಹ ತನ್ನ ಆಕ್ಸೈಡಿನಿಂದ ತಾನೇ ಕಾಯ್ದುಕೊಳ್ಳುತ್ತದೆ. ಆದರೆ ಚೈತ್ರದ ಮಧ್ಯಾಹ್ನ ಬಯಲಿನಲ್ಲಿಟ್ಟ ಲೋಹದ ಮೇಲೆ ಯಾರೂ ಕೂಡ್ರಲಾರರು. ಕೂಡ್ರಲಾಗದ ಬೆಂಚು ಐವತ್ತು ವರ್ಷ ಬಾಳಿದರೇನು ಬಂತು? ಪ್ಲಾಸ್ಟಿಕ್ ಬೆಂಚು ಕೊಳೆಯದು, ತುಕ್ಕು ಹಿಡಿಯದು. ನಮ್ಮ ಬಿಸಿಲಿಗೆ ಮಾತ್ರ ಬಣ್ಣ ಬಿಳಿಚಿ, ಮೈ ಪುಡಿಯಾಗಿ, ಕೊನೆಗೆ ಸಿಡಿಯುತ್ತದೆ.

ಇವತ್ತು ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕಾಣುವುದು ಸಿಮೆಂಟ್ ಬೆಂಚು. ಬೆನ್ನಿನ ಮೇಲೆ ‘ಸ್ಮರಣಾರ್ಥ’ ಎಂದು ತೀರಿಕೊಂಡ ಹಿರಿಯರ ಹೆಸರು ಇರುತ್ತದೆ. ಆ ಭಾವನೆಗೆ ನಾನು ತಲೆಬಾಗುತ್ತೇನೆ. ಹೋದವರ ಹೆಸರಿನಲ್ಲಿ ದಣಿದವರಿಗೆ ಕೂಡ್ರಲು ಜಾಗ ಕೊಡುವುದು ಅನ್ನ ನೀರು ಕೊಟ್ಟಷ್ಟೇ ಪುಣ್ಯ. ಅದಕ್ಕೇ ಆ ಬೆಂಚು ಬೇಗ ಒಡೆದರೆ ದುಃಖ ಹೆಚ್ಚು. ಒಡೆಯುವ ಕಾರಣ ಸ್ಪಷ್ಟ. ಕಾಂಕ್ರೀಟಿನೊಳಗಿನ ಸರಳನ್ನು ಅದರ ಸುತ್ತಲಿನ ಕ್ಷಾರ ಕಾಯುತ್ತದೆ. ಗಾಳಿಯ ಇಂಗಾಲಾಮ್ಲ ವರ್ಷ ವರ್ಷಕ್ಕೆ ಒಳಗಿಳಿದು ಆ ಕ್ಷಾರವನ್ನು ಕಳೆಯುತ್ತದೆ. ಸರಳಿನವರೆಗೆ ಮುಟ್ಟಿದ ದಿನದಿಂದ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಸಿಮೆಂಟ್ ಸಿಡಿದು ಉದುರುತ್ತದೆ. ನಮ್ಮ ದೇಶದ ಕಾಂಕ್ರೀಟ್ ಮಾನಕದಂತೆ (2000ರ ಐಎಸ್ 456) ಮಳೆಗೆ ಒಡ್ಡಿದ ಕಾಂಕ್ರೀಟಿಗೆ ಸರಳಿನ ಮೇಲೆ ಕನಿಷ್ಠ 30 ಮಿಲಿಮೀಟರ್ ಹೊದಿಕೆ ಬೇಕು, ಜೋರು ಮಳೆಯಿದ್ದರೆ 45. ಒಟ್ಟು ಎರಡು ಇಂಚು ದಪ್ಪದ ಅಚ್ಚುಹಲಗೆಯಲ್ಲಿ ಅಷ್ಟು ಹೊದಿಕೆಗೆ ಜಾಗವೆಲ್ಲಿ? ಹಲಗೆಯನ್ನು ದಪ್ಪ ಮಾಡಿ, ಮೂರು ವಾರ ಸರಿಯಾಗಿ ನೀರು ಉಣಿಸಿ ಹದಗೊಳಿಸಿದ ಬೆಂಚು ಮೂವತ್ತು ವರ್ಷ ನಿಲ್ಲುತ್ತದೆ. ಅವಸರದಲ್ಲಿ ಅಚ್ಚು ಬಿಡಿಸಿ ಮರುದಿನವೇ ಸಾಗಿಸಿದ ಬೆಂಚಿನ ಮೇಲೆ ಅಕ್ಷರದ ಬಣ್ಣ ಇನ್ನೂ ಮಾಸದಿರುವಾಗಲೇ ಮೂಲೆ ಉದುರಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಹೀಗೆ. ಸಾಂಬ್ರಾ ಮತ್ತು ಅದರ ಮೂಡಣದ ಹಳ್ಳಿಗಳಿಗೆ ಗರಸಿನ ಅಡಿಪಾಯದ ಮೇಲೆ ಕರಿಕಲ್ಲು ಇಲ್ಲವೆ ಗ್ರಾನೈಟ್, ಮೇಲೆ ಬೇವಿನ ನೆರಳು. ಬೆಳಗಾವಿ ನಗರಕ್ಕೆ ಎರಕದ ಕಾಲು, ಚೇಗಿನ ಹಲಗೆ. ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ, ಕೋಟೆಕೆರೆಯ ದಂಡೆಯಲ್ಲಿ ನಸುಕಿನಲ್ಲಿ ನಡೆದು ಬಂದ ಹಿರಿಯರು ಹೆಚ್ಚು ಹೊತ್ತು ಕೂಡ್ರುವುದರಿಂದ ಚಳಿಗೆ ತಣ್ಣಗಾಗದ, ಬಿಸಿಲಿಗೆ ಸುಡದ ಮರವೇ ಬೇಕು. ಖಾನಾಪುರಕ್ಕೆ, ಜಾಂಬೋಟಿಗೆ, ಕಣಕುಂಬಿಗೆ ಮೊದಲು ಸೂರು, ಆಮೇಲೆ ಬೆಂಚು. ಅಲ್ಲಿ ಸೂರಿಲ್ಲದೆ ಯಾವ ಬೆಂಚೂ ಮಳೆಗಾಲದಲ್ಲಿ ಕೂಡ್ರಲು ಒದಗುವುದಿಲ್ಲ.

ಆದರೆ ಯಾವ ವಸ್ತುವಿಗೂ ಮೀರಿದ್ದು ಆರೈಕೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೆಂಚುಗಳಿವೆ. ಅಲ್ಲಿ ಪ್ರೀತಿಪಾತ್ರರ ಹೆಸರಿನಲ್ಲಿ ಬೆಂಚನ್ನು ದತ್ತು ಪಡೆಯುವ ಪದ್ಧತಿ 1986ರಿಂದ ಇದೆ. ಕೊಟ್ಟ ಹಣ ಬೆಂಚುಗಳ ಮತ್ತು ಉದ್ಯಾನದ ಪಾಲನೆಗೆ ಹೋಗುತ್ತದೆ. ನಮ್ಮಲ್ಲಿ ಹೆಸರು ಬರೆಸಲು ಹಣ ಇರುತ್ತದೆ, ಮುಂದಿನ ವರ್ಷ ಬೋಲ್ಟ್ ಬಿಗಿಸಲು ಇರುವುದಿಲ್ಲ. ಬೆಂಚು ಕೊಡುವ ಮನೆತನದವರು ಅದರ ಬೆಲೆಯ ಜೊತೆಗೆ ಒಂದಿಷ್ಟು ಹಣವನ್ನು ಗುಡಿಯ ಸಮಿತಿಯಲ್ಲೋ ಶಾಲೆಯಲ್ಲೋ ಇಡಲಿ. ಅದರ ಬಡ್ಡಿ ಬಣ್ಣಕ್ಕೆ, ಎಣ್ಣೆಗೆ ಸಾಕು.

ಕೆಲಸಕ್ಕೆ ದಿನವೂ ನಮ್ಮ ಪಂಚಾಂಗದಲ್ಲೇ ಇದೆ. ಖಂಡೇನವಮಿ ಬರುವುದು ಮಳೆಯ ಜೋರು ಇಳಿದು ನೆಲ ಆರುವ ಹೊತ್ತಿಗೆ. ಆ ದಿನ ಕುಡಗೋಲು, ನೇಗಿಲು, ಟ್ರ್ಯಾಕ್ಟರ್, ತಕ್ಕಡಿ ಎಲ್ಲವನ್ನೂ ತೊಳೆದು ಪೂಜಿಸುತ್ತೇವೆ. ಓಣಿಯ ಬೆಂಚೂ ವರ್ಷವಿಡೀ ನಮಗಾಗಿ ದುಡಿದ ಸಾಧನವೇ. ಅದರ ಪಾಚಿ ಉಜ್ಜಿ ತೆಗೆಯಿರಿ. ಕಾಲಬುಡದ ಮಣ್ಣು, ಎಲೆ ಸರಿಸಿ ನೀರು ಹರಿಯಲು ದಾರಿ ಮಾಡಿರಿ. ಸಡಿಲಾದ ಬೋಲ್ಟು ಬಿಗಿಸಿರಿ, ತುಕ್ಕಿನ ಮೇಲೆ ಉಕ್ಕಿನ ಕುಂಚ ಆಡಿಸಿ ಬಣ್ಣ ಹಚ್ಚಿರಿ, ಸೀಳಿದ ಒಂದು ಹಲಗೆಯನ್ನು ಇಡೀ ಬೆಂಚು ಹೋಗುವ ಮೊದಲೇ ಬದಲಿಸಿರಿ. ನಾಲ್ಕು ಜನ ಸೇರಿದರೆ ಅರ್ಧ ದಿನದ ಕೆಲಸ. ಈ ವರ್ಷದ ಖಂಡೇನವಮಿಗೆ ನಿಮ್ಮ ಓಣಿಯ ಬೆಂಚಿನಿಂದಲೇ ಶುರು ಮಾಡಿರಿ.